ಅಕ್ಕನ ಕೆಳಗಿನ ಸಾಲಿನ ಹಲ್ಲು

ಆ ಮಹಾನುಭಾವನ ವಿಷಯ ನಾನು ಮೊದಲು ಕೇಳಿದ್ದು ಅಕ್ಕನ ಬಾಯಿಂದ. ಆ ಬಾಯಲ್ಲಿ ಆಗ ಒಂದು ಹಲ್ಲೂ ಇರಲಿಲ್ಲ, ಹೊಗಳಿಕೆಗೆ ಮಾತ್ರ ಬರವಿರಲಿಲ್ಲ. ಎಟಿಎಂ ಬಾಗಿಲಲ್ಲಿ ಒಬ್ಬರು ಇರುತ್ತಾರಂತೆ. ಇಸ್ತ್ರಿ ಮಾಡಿದ ಅಂಗಿಯಂತೆ, ನೀಟಾಗಿ ಬಾಚಿದ ತಲೆಯಂತೆ. ವಯಸ್ಸಾದವರಿಗೆ ಬಾಗಿಲು ಹಿಡಿದು ನಿಲ್ಲುತ್ತಾರಂತೆ. ಒಂದು ಪೈಸೆಗೂ ಕೈ ಚಾಚುವುದಿಲ್ಲವಂತೆ.

"ಈ ಕಾಲದಲ್ಲೂ ಅಂಥೋರು ಇದ್ದಾರೆ ಕಣೇ," ಅಂದಳು.

"ಇದ್ದಾರೆ ಅಕ್ಕ. ಅವರಿಗೇ ಕಳ್ಳರು ಅನ್ನೋದು," ಅಂದೆ ನಾನು.

ನನ್ನ ಯಜಮಾನರು ಹೋದ ಮೇಲೆ ನಾನು ಅಕ್ಕನ ಜೊತೆಗೇ ಇದ್ದೇನೆ. ಊರವರ ಚೀಲಗಳಿಗೆಲ್ಲ ಜಿಪ್ ಹಾಕಿಕೊಡುತ್ತೇನೆ, ಅಕ್ಕ ದಾರ ಕತ್ತರಿಸುತ್ತಾಳೆ. ಹಾಗೆ ಕೂಡಿಟ್ಟ ದುಡ್ಡು ಬ್ಯಾಂಕಿನಲ್ಲಿತ್ತು, ಅಕ್ಕನಿಗೆ ಹಲ್ಲಿನ ಸೆಟ್ ಕಟ್ಟಿಸುವುದಕ್ಕೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಇಳಿಸಿದವಳು. ಆದರೆ ಕಿವಿಗೆ ಬಿದ್ದದ್ದು ಸಾಯುವ ತನಕ ತಲೆಯಿಂದ ಇಳಿಯುವುದಿಲ್ಲ. ಕಾರ್ಡು ಕೊಡುವಾಗ ಬ್ಯಾಂಕಿನ ಹುಡುಗಿ ಹೇಳಿದ್ದೆಲ್ಲ ನನಗೆ ಬಾಯಿಪಾಠ. ನಂಬರನ್ನು ಬರೆದಿಡಬೇಡಿ. ಒತ್ತುವಾಗ ಕೈ ಮುಚ್ಚಿಕೊಳ್ಳಿ. ಕಾರ್ಡು ತೂರಿಸುವ ಜಾಗ ಅಲ್ಲಾಡಿಸಿ ನೋಡಿ, ಕಳ್ಳರು ಅದರ ಮೇಲೆ ಬೇರೆ ಬಾಯಿ ಅಂಟಿಸಿರುತ್ತಾರೆ. ಬೇರೆಯವರನ್ನು ಒಳಗೆ ಬಿಡಬೇಡಿ. ಕಾರ್ಡು ಕೈ ಬಿಟ್ಟು ಹೋಗಬಾರದು.

"ನಾಳೆ ದುಡ್ಡು ತರೋಕೆ ನಾನೇ ಹೋಗ್ತೀನಿ," ಅಂತ ಘೋಷಿಸಿದೆ. "ನನ್ನನ್ನ ಯಾಮಾರಿಸೋನು ಇನ್ನೂ ಹುಟ್ಟಿಲ್ಲ."

ಮಾರನೇ ದಿನ ಡಾಕ್ಟರಿಗೆ ಮೇಲಿನ ಸಾಲಿನ ದುಡ್ಡು ಕೊಡಬೇಕಿತ್ತು. ಕೆಳಗಿನ ಸಾಲಿನದು ಮುಂದಿನ ವಾರ. ಅಕ್ಕನನ್ನು ದವಾಖಾನೆಯಲ್ಲಿ ಕೂರಿಸಿ, ಯುದ್ಧಕ್ಕೆ ಹೊರಟ ರಾಣಿಯ ಹಾಗೆ ಶಾಲು ಹೊದ್ದು ಹೊರಟೆ. ಇದ್ದ, ಮಹಾನುಭಾವ! ಬಾಗಿಲು ತೆಗೆದು ಹಿಡಿದ. ದೂರ ನಿಲ್ಲಿ ಅಂದೆ. ನಿಂತ. ಮುಖ ಆ ಕಡೆ ಮಾಡಿ ಅಂದೆ. ಮಾಡಿದ. ಇಷ್ಟು ವಿಧೇಯರಾಗಿ ನನ್ನ ಮಕ್ಕಳೂ ಇರಲಿಲ್ಲ.

ಒಳಗೆ ಹೋಗಿ ಕಾರ್ಡಿನ ಬಾಯಿಯನ್ನು ಹಿಡಿದು ಎಷ್ಟು ಜೋರಾಗಿ ಅಲ್ಲಾಡಿಸಿದೆನೆಂದರೆ ಇಡೀ ಮೆಷಿನ್ನೇ ಗಡಗಡ ಅಂದಿತು. ಸಾಚಾ ಮಾಲು! ಶಾಲು ಬಿಚ್ಚಿ ತಲೆ, ಕೈ, ಗುಂಡಿಗಳ ಮೇಲೆಲ್ಲ ಡೇರೆ ಹಾಕಿಕೊಂಡೆ. ಒಳಗೆ ಕತ್ತಲು, ಸೆಖೆ, ನಾನು ಮತ್ತು ನಂಬರು. ಬರೆದಿಡಬಾರದಲ್ಲ, ಅದಕ್ಕೆ ಆ ನಂಬರನ್ನು ನಾನು ಸಂಸಾರದೊಳಗೇ ಬಚ್ಚಿಟ್ಟಿದ್ದೆ. ಯಾರ ಮಡಿಲಲ್ಲಿ ಎಷ್ಟು ಮಕ್ಕಳು ಅಂತ ಹಿರಿಯರಿಂದ ಕಿರಿಯರವರೆಗೆ ಹೇಳಿಕೊಂಡು ಹೋದರೆ ಮುಗಿಯಿತು. ಯಾವ ಕಳ್ಳನ ತಲೆಗೆ ಹೊಳೆಯಬೇಕು ಹೇಳಿ! ಕತ್ತಲಲ್ಲಿ ತಪ್ಪಬಾರದೆಂದು ಒಂದೊಂದನ್ನೂ ಗಟ್ಟಿಯಾಗಿ ಹೇಳಿಕೊಂಡು ಒತ್ತಿದೆ. "ಅಮ್ಮನಿಗೆ ಏಳು. ಅಕ್ಕನಿಗೆ ನಾಲ್ಕು. ನನಗೆ ಎರಡು." ತಂಗಿಯ ಸರದಿ ಬರುವ ಹೊತ್ತಿಗೆ ಹೊರಗೆ ಲಾರಿಯೊಂದು ಕಿವಿ ಹರಿಯುವ ಹಾಗೆ ಹಾರ್ನ್ ಹೊಡೆಯಿತು. ಆದರೂ ಬೆರಳು ತಪ್ಪಲಿಲ್ಲ. ನೋಟುಗಳು ಬರ್‍ರೆಂದು ಬಂದವು.

ಹೊರಗೆ ಬಂದರೆ ಅವನು ಕೈ ಮುಗಿದ.

"ಎಲ್ಲರೂ ನಿಮ್ಮ ಥರ ಇದ್ರೆ ಕಳ್ಳರು ಉಪವಾಸ ಸಾಯ್ತಾರೆ ಅಮ್ಮ."

ಇಷ್ಟು ವರ್ಷದ ಬದುಕಿನಲ್ಲಿ ನನಗೆ ಸಿಕ್ಕ ಮೊದಲ ಸನ್ಮಾನ ಅದು. ಉಬ್ಬಿ ಹೋದೆ. ಈಗ ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯನ್ನೇ ಕೆರೆದು ಕಾಪಿ ಮಾಡುತ್ತಾರೆ, ನಿಮ್ಮದು ಸರಿಯಿದೆಯೋ ನೋಡಿಕೊಂಡಿರಾ ಅಂತ ಕೇಳಿದ. ಇದನ್ನು ಬ್ಯಾಂಕಿನ ಹುಡುಗಿ ಹೇಳಿರಲಿಲ್ಲ! ಅವಳಿಗಿಂತ ತಿಳಿದವನು ಅಂದುಕೊಂಡು ಕಾರ್ಡು ತೋರಿಸಿದೆ. ತಗೊಂಡು ಉಫ್ ಅಂತ ಊದಿದ, ಅಂಗಿಗೆ ಒರೆಸಿದ, ಬೆಳಕಿಗೆ ಹಿಡಿದ, ವಾಪಸ್ ಕೊಟ್ಟ. ಆಮೇಲೆ ಎರಡು ಮಾತು ಅದೂ ಇದೂ ಆಡಿ ಹೊರಟುಹೋದ.

ನಾನು ದವಾಖಾನೆಗೆ ಬಂದಾಗ ಅಕ್ಕ ಕುರ್ಚಿಯಲ್ಲಿ ಒರಗಿದ್ದಳು. ಬಾಯ್ತುಂಬ ಅಳತೆಯ ಮೇಣ, ಅದರೊಳಗೆ ಡಾಕ್ಟರ ಎರಡು ಬೆರಳು. ಅಷ್ಟರಲ್ಲಿ ನನ್ನ ಫೋನು ಟಿಣ್ ಅಂದಿತು. ಇಬ್ಬರಲ್ಲಿ ಓದು ಬಲ್ಲವಳು ಅಕ್ಕನೇ ಆದ್ದರಿಂದ ಅವಳ ಮೂಗಿನ ಮುಂದೆ ಹಿಡಿದೆ. ಓದುತ್ತಾ ಓದುತ್ತಾ ಅವಳ ಕಣ್ಣುಗುಡ್ಡೆಗಳು ಹೊರಗೆ ಬಂದವು. ಡಾಕ್ಟರು ನೋವಾಯಿತಾ ಅಂದರು. ಫೋನು ಇನ್ನೊಮ್ಮೆ ಟಿಣ್ ಅಂದಿತು. ಅಕ್ಕ ಗಬಕ್ಕನೆ ಬಾಯಿ ಮುಚ್ಚಿದಳು. ಹಲ್ಲಿಲ್ಲದ್ದು ಡಾಕ್ಟರ ಪುಣ್ಯ!

ಮೇಣ ಉಗಿದು ಕೇಳಿದಳು: "ಮತ್ತೆ ಯಾಕೆ ದುಡ್ಡು ತೆಗ್ದೆ?"

"ನಾನು ಇಲ್ಲೇ ನಿಂತಿದ್ದೀನಲ್ಲ ಅಕ್ಕ."

"ನೀನು ಈಗ ತಾನೇ ತೆಗ್ದೆ ಅಂತ ಬ್ಯಾಂಕಿನೋರು ಬರ್ದಿದ್ದಾರೆ. ಎರಡು ಸಲ."

ಇಬ್ಬರೂ ಬ್ಯಾಂಕಿಗೆ ಓಡಿದೆವು. ಗಲ್ಲಕ್ಕೆ ಮೇಣ ಮೆತ್ತಿಕೊಂಡು ಅಕ್ಕ ಮುಂದೆ, ಶಾಲು ಎಳೆದುಕೊಂಡು ನಾನು ಹಿಂದೆ. ಬ್ಯಾಂಕಿನ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿದಳು. ಬಣ್ಣ ನಮ್ಮದೇ, ಹೆಸರು ಯಾರೋ ಗಂಡಸಿನದು! ಅವಳು ತಕ್ಷಣ ನಮ್ಮ ಕಾರ್ಡನ್ನು ನಿಲ್ಲಿಸಿದಳು. ಆದರೆ ನಿಲ್ಲಿಸುವಷ್ಟರಲ್ಲಿ ಖಾತೆ ಒರೆಸಿದ ತಟ್ಟೆಯಾಗಿತ್ತು. ದೂರು ಬರೆಸಿಕೊಂಡಳು. ದುಡ್ಡು ವಾಪಸ್ ಬರುತ್ತದೆಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

"ಮೇಲಿನ ಸಾಲು ನಿನ್ನ ಚೀಲದಲ್ಲಿದೆ," ಅಂದಳು ಅಕ್ಕ, ಬಹಳ ಮೆಲ್ಲಗೆ. "ಕೆಳಗಿನದು ಅವನ ಜೇಬಿನಲ್ಲಿ. ಇನ್ನು ನಾನು ಯಾವುದರ ಮೇಲೆ ಅಗೀಲಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

"ಕಾರ್ಡು ಬದಲಾಯಿಸಿದ್ದು ಸರಿ," ಅಂದಳು ಹುಡುಗಿ, "ಬರೀ ಕಾರ್ಡಿಂದ ದುಡ್ಡು ಬರಲ್ಲ ಅಜ್ಜಿ. ನಂಬರ್ ಹೇಳಿದ್ರಾ?"

ನಾನು ಮೇಜು ಕುಟ್ಟಿದೆ. ಪ್ರಾಣ ಹೋದರೂ ಹೇಳುವವಳಲ್ಲ ಅಂದೆ. ಶಾಲಿನ ಡೇರೆಯನ್ನು ಅಲ್ಲೇ ಹೊದ್ದು ತೋರಿಸಿದೆ. ಸಾಲಿನಲ್ಲಿ ನಿಂತಿದ್ದವರೆಲ್ಲ ನೋಡಿದರು.

"ಬೇರೆ ಏನಾದ್ರೂ ಕೇಳಿದ್ನಾ?"

"ಕಳ್ಳತನದ ಮಾತು ಒಂದೂ ಇಲ್ಲಮ್ಮ, ಮನೆ ಸಮಾಚಾರ ಅಷ್ಟೇ," ಅಂದೆ. ಹೇಳುತ್ತಾ ಹೇಳುತ್ತಾ ಶಾಲನ್ನು ತಲೆಯಿಂದ ಇಳಿಸಿದೆ. ಬೀದಿ ದಾಟುವ ಮುಂಚೆ ಅವನು ಹಿಂದಿರುಗಿ ಬಂದು, ಸ್ವಂತ ಮಗನ ಹಾಗೆ ತಲೆ ಬಗ್ಗಿಸಿ, ಕೊನೆಗೊಂದು ಕೇಳಿದ್ದ:

"ಲಾರಿ ಸದ್ದಲ್ಲಿ ಕೇಳಿಸ್ಲಿಲ್ಲ ಅಮ್ಮ, ನಿಮ್ಮ ತಂಗಿಗೆ ಎಷ್ಟು ಮಕ್ಕಳು ಅಂದ್ರಿ?"