ಒಂಬತ್ತು ಕಲ್ಲು ಹೊತ್ತು ಬಂದವಳು

ಐದು ದಿನ ಒಂದು ಚಮಚವನ್ನೂ ತೊಳೆಯುವುದಿಲ್ಲವೆಂದು ನಾನು ಘೋಷಿಸಿದ್ದು ನಲವತ್ತು ವರ್ಷಗಳ ಹಿಂದೆ, ಕೆರ್ರಿ ಸೀಮೆಯ ಟ್ರಲೀ ಊರಿನ ನಮ್ಮ ಅಡುಗೆಮನೆಯಲ್ಲಿ. ಆಗ ನನ್ನ ಎರಡೂ ಕೈ ಸೋಪಿನ ನೊರೆಯಲ್ಲಿದ್ದವು!

ಗಂಡ ಮ್ಯಾಲಕಿ ಪತ್ರಿಕೆಯಿಂದ ಕಣ್ಣೆತ್ತಲಿಲ್ಲ. "ನಿನ್ನ ಕೈಗೆ ಎರಡು ನಿಮಿಷ ಸುಮ್ಮನಿರೋಕೆ ಬರಲ್ಲ, ಬ್ರೈಡಿ."

ನಿಜವೇ. ನನ್ನ ಕೈ ಸುಮ್ಮನಿರದ ಕಾರಣಕ್ಕೇ ಮದುವೆಯಾದ ಹದಿನಾಲ್ಕು ವರ್ಷವೂ ಅವನ ಕೈ ಸುಮ್ಮನಿತ್ತು. ಪಂದ್ಯ ಕಟ್ಟಿದೆವು. ಆ ಐದು ದಿನದಲ್ಲಿ ನಾನೂ ಅವನ ತಂಗಿ ಡಿಂಪ್ನಾಳೂ ಸಮುದ್ರದಂಚಿನ ಡನ್‌ಕ್ವಿನ್ ಊರಿನವರೆಗೆ ನಡೆದು ಬಸ್ಸಿನಲ್ಲಿ ಮರಳುವುದು. ಐದನೆಯ ದಿನ ಮುಗಿಯುವವರೆಗೆ, ನಾನು ಮಾಡುವ ಮನೆಗೆಲಸವೊಂದಕ್ಕೆ ನನ್ನ ಚೀಲಕ್ಕೊಂದು ಕಲ್ಲು. ಹತ್ತಕ್ಕಿಂತ ಕಡಿಮೆ ಕಲ್ಲು ಬಿದ್ದರೆ ವರ್ಷವಿಡೀ ಭಾನುವಾರದ ಊಟ ಮ್ಯಾಲಕಿಯೇ ಬೇಯಿಸಬೇಕು. ತೀರ್ಪುಗಾರ್ತಿ ಡಿಂಪ್ನಾ. ಅವಳು ಅಣ್ಣನಿಗೂ ಸುಳ್ಳು ಹೇಳುವವಳಲ್ಲ, ನನಗೂ ಅಲ್ಲ.

ಹೊರಡುವ ಮೊದಲು ಮ್ಯಾಲಕಿಗೆ ಐದು ದಿನಕ್ಕಾಗುವಷ್ಟು ಸ್ಟ್ಯೂ ಮಾಡಿ, ಪಾತ್ರೆಗಳ ಮೇಲೆ ವಾರದ ಹೆಸರು ಅಂಟಿಸಿದೆ. ನಡಿಗೆ ಇನ್ನೂ ಶುರುವಾಗಿಲ್ಲವೆಂದು ಡಿಂಪ್ನಾ ಅದನ್ನು ಮಾಫಿ ಮಾಡಿದಳು.

ಮೊದಲ ಸಂಜೆ ಕ್ಯಾಂಪ್ ಎಂಬ ಹಳ್ಳಿಯಲ್ಲಿ, ದಾರಿಹೋಕರಿಗೆ ಕೋಣೆ ಕೊಡುವ ಮಿಸೆಸ್ ಕರನ್ ಮನೆಯಲ್ಲಿ ತಂಗಿದೆವು. ಚಹಾ ಕುಡಿದ ಮೇಲೆ, "ಕಪ್ಪು ತೊಳೆದುಕೊಡಲೇ?" ಎಂದೆ. ನಮ್ಮಲ್ಲಿ ಇದು ಬರೀ ಮರ್ಯಾದೆಯ ಮಾತು. ಅತಿಥಿ ಕೇಳಬೇಕು, ಮನೆಯಾಕೆ ಬೇಡವೆನ್ನಬೇಕು. ಎರಡು ಸಲ ಬೇಡವೆಂದಾದ ಮೇಲೆ ಇಬ್ಬರೂ ನೆಮ್ಮದಿಯಾಗಿ ಕೂರಬೇಕು. ಮಿಸೆಸ್ ಕರನ್ ಮೊದಲನೆಯ ಸಲಕ್ಕೇ ಒರೆಸುವ ಬಟ್ಟೆಯನ್ನು ನನ್ನ ಕೈಗಿತ್ತು, "ದೇವರು ನಿನ್ನ ಚೆನ್ನಾಗಿಟ್ಟಿರಲಿ, ಮಗಳೇ" ಎಂದು ಕಾಲು ಚಾಚಿದಳು. ಆ ದಿನ ಅವಳ ಮನೆಯಲ್ಲಿ ಏಳು ಜನ ಅತಿಥಿಗಳು! ಮೊದಲ ಕಲ್ಲು ಬಿತ್ತು. ಬೆಳಿಗ್ಗೆ ಎದ್ದವಳೇ ಅಭ್ಯಾಸಬಲದಿಂದ ಹಾಸಿಗೆಯ ಚಾದರ ಬಿಚ್ಚಿ ಮಡಚಿಟ್ಟೆ. ಎರಡನೆಯದೂ ಬಿತ್ತು.

ಅನಸ್ಕಾಲ್ ಊರು ದಾಟಿದಾಗ ಮಳೆ ಶುರುವಾಯಿತು. ಒಂಟಿ ಮನೆಯೊಂದರ ಹಗ್ಗದ ಮೇಲೆ ಬಟ್ಟೆ ಹಾಗೇ ಇತ್ತು. ಬೇರೊಬ್ಬರ ಬಟ್ಟೆ ನೆನೆಯುವುದನ್ನು ನೋಡಿಕೊಂಡು ಹೋಗುವ ಹೆಂಗಸು ಕೆರ್ರಿಯಲ್ಲಿ ಇನ್ನೂ ಹುಟ್ಟಿಲ್ಲ. ಕಲ್ಲುಗೋಡೆ ಹಾರಿದೆ, ಎಲ್ಲವನ್ನೂ ಬಾಚಿಕೊಂಡು ಬಾಗಿಲಿಗೆ ಓಡಿದೆ. ಬಾಗಿಲು ತಾನಾಗಿಯೇ ತೆರೆಯಿತು. ಮದುವೆಯಾಗದ ಮುದುಕ ಥೇಡಿ ಕಿಟಕಿಯಿಂದ ಎಲ್ಲವನ್ನೂ ನೋಡುತ್ತ ನಿಂತಿದ್ದನಂತೆ.

"ತಡ ಮಾಡಿದೆಯಮ್ಮಾ," ಎಂದ. "ಸಾಕ್ಸು ಒದ್ದೆಯಾದವು."

ಅಲ್ಲಿಂದ ಹೊರಡುವಷ್ಟರಲ್ಲಿ ಒಲೆಯ ಬೂದಿ ಬಳಿದು, ಚಹಾ ಕಾಸಿ, ಎರಡು ಸಾಕ್ಸಿನ ತೂತು ಹೊಲಿದಿದ್ದೆ. ಡಿಂಪ್ನಾ ಹೊರಗೆ ಶಾಂತವಾಗಿ ಕಲ್ಲು ಆರಿಸುತ್ತಿದ್ದಳು. ಎಂಥ ಕಲ್ಲುಗಳು! ಒಂದೊಂದೂ ಇಡೀ ಬ್ರೆಡ್ಡಿನಷ್ಟು ದಪ್ಪ. ಡಿಂಗಲ್ ಊರು ತಲುಪುವಾಗ ನಾನು ಗಾಡಿ ಎಳೆಯುವ ಕತ್ತೆಯಂತೆ ಬಗ್ಗಿದ್ದೆ. ಆದರೂ ಸಮುದ್ರದ ಪಕ್ಕದ ಆ ದಾರಿಯಲ್ಲಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕದ್ದು ನೆನಪಾದರೆ ಈಗಲೂ ಬೆನ್ನು ಹಗುರವಾಗುತ್ತದೆ.

ಮುಂದಿನ ಮನೆಗಳಲ್ಲಿ ಇನ್ನೂ ಮೂರು ಬಿದ್ದು, ಡನ್‌ಕ್ವಿನ್‌ನಲ್ಲಿ ಎಣಿಸಿದರೆ ಒಂಬತ್ತು! ಅಲ್ಲಿ ಕೊನೆಯ ರಾತ್ರಿ ತಂಗಿದ ಮನೆಯಲ್ಲಿ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತೆ. ನನ್ನ ಬ್ರೆಡ್ಡಿಗೆ ಬೆಣ್ಣೆಯನ್ನೂ ಡಿಂಪ್ನಾಳೇ ಸವರಿದಳು.

ಮನೆಗೆ ಬಂದವಳೇ ಚೀಲವನ್ನು ಅಡುಗೆಮನೆಯಲ್ಲಿ ಸುರಿದೆ. ಮ್ಯಾಲಕಿ ಎರಡು ಸಲ ಎಣಿಸಿದ. ಮುಖ ಇಳಿಯಿತು. ಗೂಟದಿಂದ ನನ್ನ ಏಪ್ರನ್ ತೆಗೆದು ಕೊರಳಿಗೆ ಹಾಕಿಕೊಂಡು, "ಆಲೂಗಡ್ಡೆ ಎಷ್ಟು ಹೊತ್ತು ಬೇಯಬೇಕು?" ಎಂದು ಕೇಳಿದ. ಹದಿನಾಲ್ಕು ವರ್ಷಗಳಲ್ಲಿ ಅಷ್ಟು ಇಂಪಾದ ಮಾತು ನಾನು ಕೇಳಿರಲಿಲ್ಲ!

ನಾನು ವಿಜಯಭಾಷಣ ಆರಂಭಿಸಿದೆ. ಹೆಣ್ಣಿನ ಕೈಗೂ ರಜೆ ಬೇಕು, ಕೈಗಳನ್ನು ಕಟ್ಟಿಹಾಕಿರುವುದು ಬರೀ ಅಭ್ಯಾಸ, ನಾನು ಆ ಅಭ್ಯಾಸವನ್ನು ಕೆರ್ರಿಯ ಬೆಟ್ಟಗಳಲ್ಲಿ ಬಿಟ್ಟುಬಂದಿದ್ದೇನೆ, ಇತ್ಯಾದಿ. ಸುಮಾರು ಹೊತ್ತು ಮಾತಾಡಿದೆ. ಯಾರೂ ಅಡ್ಡಬರಲಿಲ್ಲ. ಅದೇ ವಿಚಿತ್ರವೆನಿಸಿ ತಿರುಗಿ ನೋಡಿದೆ. ಮ್ಯಾಲಕಿ ಮೆಲ್ಲಗೆ ಏಪ್ರನ್ನಿನ ಗಂಟು ಬಿಚ್ಚುತ್ತಿದ್ದ.

ನನ್ನ ಕೈಯಲ್ಲಿ ಒರೆಸುವ ಬಟ್ಟೆಯಿತ್ತು. ಸಿಂಕಿನ ಪಕ್ಕದಲ್ಲಿ ಭಾಷಣದ ನಡುವೆ ನಾನೇ ಮಣ್ಣು ತೊಳೆದು ಒರೆಸಿಟ್ಟ ಒಂಬತ್ತೂ ಕಲ್ಲುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಹೊಳೆಯುತ್ತಿದ್ದವು.

ಡಿಂಪ್ನಾ ಹಿತ್ತಲಿಗೆ ಹೋದಳು. ಕೆಸರು ಮೆತ್ತಿದ ಹತ್ತನೆಯ ಕಲ್ಲು ತಂದು ಸಾಲಿನ ಕೊನೆಗಿಟ್ಟಳು.

"ಇದನ್ನಾದರೂ ತೊಳೀಬೇಡ ಕಣೇ, ಬ್ರೈಡಿ," ಎಂದಳು.