ಬೇವಿನ ಕೊಂಬೆಗೆ ತೂಗಿದ ವಿಮಾನ

ನಾಗರ ಪಂಚಮಿಯ ದಿನ ಹೆಂಡತಿಯ ಜೋಕಾಲಿ ಬಿಚ್ಚುವ ಧೈರ್ಯ ಇಡೀ ಕಾಸಾರಶಿರಸಿಯಲ್ಲಿ ಒಬ್ಬನಿಗೇ ಇತ್ತು, ಮೋಟರ್ ರಿಪೇರಿಯ ನೀಲಕಂಠನಿಗೆ. ಸ್ವಹಸ್ತದಿಂದ ನಿರ್ಮಿಸಿದ ಆಟೋಜೈರೊ ಎಂಬ ವಾಯುವಾಹನದ ಪರೀಕ್ಷೆಗೆ ಅವನಿಗೆ ಆ ಹಗ್ಗವೂ ಬೇಕಿತ್ತು, ಅದನ್ನು ಕಟ್ಟಿದ್ದ ಬೇವಿನ ಕೊಂಬೆಯೂ ಬೇಕಿತ್ತು. (ಊರ ಮಂದಿ ಅದನ್ನು ‘ಪಂಖಾ ಹಚ್ಚಿದ ಖುರ್ಚಿ’ ಎನ್ನುತ್ತಿದ್ದರು. ಅಜ್ಞಾನಿಗಳು!)

“ರೀ, ವರ್ಷಕ್ಕೊಮ್ಮಿ ಬರೋ ಹಬ್ಬ! ನನ್ನ ಜೋಕಾಲಿ ಯಾಕ ಬಿಚ್ಚಿದ್ರಿ?” ಜಯಮಾಲಾ ಉಂಡಿ ಕಟ್ಟುತ್ತಿದ್ದ ಕೈಯಲ್ಲೇ ಅಂಗಳಕ್ಕೆ ಬಂದಳು.

“ಇದನ್ನ ಟೊಂಗಿಗಿ ತೂಗಿಹಾಕಿ ನಾ ಕುಂತ್ರ, ಮೂಗು ಜರಾ ಬಾಗಿ ಬರೋಬರ ನಿಲ್ಲಬೇಕು. ಹಂಗ ನಿಂತ್ರ ಹಾರ್ತದ. ವಿಜ್ಞಾನದ ಮುಂದ ಜೋಕಾಲಿ ಏನ್ ದೊಡ್ಡದು?”

“ಸಂಜಿಯೊಳಗ ಕಟ್ಟಲಿಲ್ಲಂದ್ರ ನಾ ತಮ್ಮನ ಜೋಡಿ ತವರಿಗಿ, ಉಮರ್ಗಾಕ್ಕ ಹೋಗ್ತೀನಿ, ನೋಡ್ರಿ ಮತ್ತ.”

ಹಬ್ಬಕ್ಕೆ ಅಕ್ಕನನ್ನು ಕರೆಯಲು ಜೀಪು ತಂದಿದ್ದ ಗುರುನಾಥ ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದ. ನೀಲಕಂಠನಿಗೆ ಆ ನಗೆಯೇ ಆಗಿಬರುತ್ತಿರಲಿಲ್ಲ. ಅದೇ ಜೀಪು ತನ್ನ ಯಂತ್ರವನ್ನು ಎಳೆಯಬೇಕು, ಎದುರುಗಾಳಿಗೆ ತಲೆಯ ಮೇಲಿನ ಪಂಖಾ ತಾನೇ ತಿರುಗಬೇಕು, ಕಣ್ಣೆದುರೇ ತಾನು ಮೇಲೇಳಬೇಕು, ಭಾವಮೈದುನನ ಬಾಯಿ ಶಾಶ್ವತವಾಗಿ ಮುಚ್ಚಬೇಕು. ಸದ್ಯಕ್ಕೆ ಅವನ ಜೀವನದ ಗುರಿ ಇಷ್ಟೇ.

ಯಂತ್ರವನ್ನು ಕೊಂಬೆಗೆ ತೂಗಿಹಾಕಿ ಗತ್ತಿನಿಂದ ಹತ್ತಿ ಕುಳಿತ. ಅದು ಭೂದೇವಿಗೆ ಸಾಷ್ಟಾಂಗ ಹಾಕುವಂತೆ ಮುಂದಕ್ಕೆ ಬಾಗಿಬಿಟ್ಟಿತು.

“ಲೆಕ್ಕ ತಪ್ಪಿಲ್ಲ! ಮದುವಿ ಟೈಮಿಗಿ ಇದ್ದ ತೂಕಾನೇ ಹಿಡದೀನಿ. ಅವಾಗಿನ ಅಂಗಿ ಇವತ್ತಿಗೂ ಬರೋಬರ ಬರ್ತದ, ನೋಡ್ರಿ!”

“ಬರ್ತದ, ಬರ್ತದ. ಪ್ರತಿ ದೀಪಾವಳಿಗಿ ನಾ ಹೊಲಿಗಿ ಬಿಚ್ಚಿ ಬಗಲಾಗ ಪಟ್ಟಿ ಕೂಡಸ್ತೀನಲ್ಲ! ನಿಮಗ ಬ್ಯಾಸರಾಗಬಾರದಂತ ಹೇಳಿಲ್ಲ.”

ನೀಲಕಂಠ ಕೈ ಎತ್ತಿ ನೋಡಿಕೊಂಡ. ಬಗಲಲ್ಲಿ ಅವಳ ಹಳೆಯ ಕುಪ್ಪಸಗಳ ಪಟ್ಟಿಗಳು ಒಂದರ ಪಕ್ಕ ಒಂದು ಕುಳಿತಿದ್ದವು.

“ಇಳೀರಿ ಇತ್ತಾಗ,” ಎಂದು ಜಯಮಾಲಾ ತಾನೇ ಕುಳಿತಳು. ಯಂತ್ರ ತೂಗಾಡಿ, ಬೇಕಾದಷ್ಟೇ ಬಾಗಿ ನಿಂತಿತು.

“ದಾಜಿ, ಅಕ್ಕನೇ ಹಾರಲಿ!” ಗುರುನಾಥ ಭಾವನತ್ತ ತಿರುಗಿ ಎದ್ದು ನಿಂತ.

“ಆಕಿಗಿ ಏನ್ ಗೊತ್ತದ?”

“ಎಲ್ಲಾ ಗೊತ್ತದ.” ಜಯಮಾಲಾ ಕುಳಿತಲ್ಲೇ ಯಂತ್ರದ ಹಿಡಿಕೋಲು ಹಿಡಿದಳು. “ದಿನಾ ಊಟಕ್ಕ ಕುಂತ್ರ ನಿಮ್ಮದು ಇದೇ ಪುರಾಣ. ದಾಂಡಿ ಹಿಂದಕ್ಕೆಳದ್ರ ಮ್ಯಾಲ, ಮೆಲ್ಲಕ ಬಿಟ್ರ ಕೆಳಗ.”

ಊರಾಚೆಯ ಬಯಲಲ್ಲಿ ಯಂತ್ರವನ್ನು ಹಿಂದೆ ಕಟ್ಟಿಕೊಂಡು ಗುರುನಾಥನ ಜೀಪು ಓಡಿತು. ಅದರ ಹಿಂಬದಿಯಲ್ಲಿ ನಿಂತ ನೀಲಕಂಠ “ಕೆಳಗ! ಕೆಳಗ!” ಎಂದು ಅರಚುತ್ತಿದ್ದರೆ, ಸೀರೆ ಸಿಕ್ಕಿಸಿದ ಜಯಮಾಲಾ ಆಳೆತ್ತರ ಎದ್ದು, ಹಾಯಾಗಿ ತೇಲಿ, ಮೆತ್ತಗೆ ಇಳಿದಳು. ಅವನಿಗೆ ಹೊಟ್ಟೆಕಿಚ್ಚೂ ಆಯಿತು, ಕಣ್ಣಲ್ಲಿ ನೀರೂ ಬಂತು. ಏನೇ ಆಗಲಿ, ಹಾರಿದ್ದು ಅವನ ಯಂತ್ರ.

“ದಾಜಿ, ಅಕ್ಕನ ಸಲುವಾಗಿ ಮಾಡೀರಂತ ಮೊದಲೇ ಹೇಳಬಾರದೇನ್ರಿ?” ಗುರುನಾಥನ ಮುಖದಲ್ಲಿ ಮೊದಲ ಬಾರಿ ನಗೆ ಇರಲಿಲ್ಲ.

“ಮತ್ತ ಯಾರ ಸಲುವಾಗಿ?” ನೀಲಕಂಠ ಎದೆಯುಬ್ಬಿಸಿದ. (ಬಗಲ ಹೊಲಿಗೆ ಅಲ್ಲೇ ಟರ್ರೆಂದಿತು.)

ಸಂಜೆ ಅವನೇ ಜೋಕಾಲಿ ಕಟ್ಟಿದ, ಅವನೇ ಹೆಂಡತಿಯನ್ನು ತೂಗಿದ. ಕೊನೆಗೆ, “ಈಗ ನನ್ನ ಪಾಳಿ,” ಎಂದು ಹಗ್ಗ ಹಿಡಿದ.

ಜಯಮಾಲಾ ಕೊಂಬೆ ನೋಡಿದಳು, ಗಂಡನನ್ನು ನೋಡಿದಳು.

“ತಡೀರಿ. ಮೊದಲ ಜ್ವಾಳದ ಚೀಲ ಕಟ್ಟಿ ಟೊಂಗಿ ಪರೀಕ್ಷಾ ಮಾಡೂಣು. ಈ ಸಲ ಮಾತ್ರ ಈಗಿನ ತೂಕ ಹಿಡೀರಿ.”