ಅರ್ಮೇನಿಯದ ಸೊಸೆ, ಬೊರಿವಲಿಯ ಹಬ್ಬ

ಎರಡು ದೇಶ ಒಂದೇ ಅಡುಗೆಮನೆಗೆ ಬಂದ ಮೇಲೆ ಇಂಥದ್ದೆಲ್ಲ ಆಗದೆ ಇರುತ್ತದೆಯೇ! ಅರ್ಮೇನಿಯಕ್ಕೆ ಡಾಕ್ಟರಿಕೆ ಓದಲು ಹೋದ ಮಗ ಡಿಗ್ರಿಯ ಜತೆಗೆ ಸೊಸೆಯನ್ನೂ ಮುಂಬಯಿಯ ಬೊರಿವಲಿಗೆ ಕರೆತಂದ. "ಮಕ್ಕಳು ನನ್ನ ಊರಿನ ಒಂದು ಹಬ್ಬವನ್ನೂ ಕಾಣದೆ ಬೆಳೆದರೆ ಅಮ್ಮನಿಗೆ ಏನು ಹೇಳಲಿ, ಮಾವ?" ಎಂದು ಅವಳು ಕೇಳಿದ ದಿನವೇ, ರಿಟೈರಾಗಿ ಕೂತಿದ್ದ ನಾನು ಅವಳ ಹಬ್ಬ ಮಾಡಿಸುವ ಹೊಸ ಕೆಲಸಕ್ಕೆ ಭರ್ತಿಯಾದೆ. ಈಗ ಮೊಮ್ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಾರೆ. ಸಂಜೆ ಬಾಲ್ಕನಿಯಲ್ಲಿ ಕೂತರೆ ಆ ದಿನಗಳದ್ದೇ ನೆನಪು.

ಕೆಂಪು ಮೊಟ್ಟೆ

ಈಸ್ಟರ್‌ಗೆ ಅವರು ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಬೇಯಿಸಿ ಕೆಂಪು ಮಾಡುತ್ತಾರೆ. ಆಮೇಲೆ ಒಂದಕ್ಕೊಂದು ಕುಟ್ಟುವ ಆಟ. ಯಾರದು ಒಡೆಯುವುದಿಲ್ಲವೋ ಅವರು ಗೆದ್ದರು. ಉಡುಪಿಯವಳಾದ ನನ್ನ ಹೆಂಡತಿ ಒಲೆಗೆ ಅಡ್ಡ ನಿಂತಳು.

"ಎಂತ ಮಾರಾಯ್ತಿ, ನನ್ನ ಪಾತ್ರೆಯಲ್ಲಿ ಮೊಟ್ಟೆಯಾ? ಬಟಾಟೆ ಸಾಕು."

ಸರಿ, ಬಟಾಟೆಯನ್ನೇ ಬೇಯಿಸಿದೆವು. ನಾಲ್ಕು ವರ್ಷದ ಮೊಮ್ಮಗಳೂ ನಾನೂ ಕುಟ್ಟಿದ್ದೇ ತಡ, ಎರಡೂ ಪಚಕ್ಕನೆ ಅಪ್ಪಚ್ಚಿಯಾದವು.

"ಗೆದ್ದದ್ದು ಯಾರು, ಅಜ್ಜಿ?"

ಹೆಂಡತಿ ಒಗ್ಗರಣೆಗೆ ಸಾಸಿವೆ ಹಾಕುತ್ತ ಹೇಳಿದಳು, "ಪಲ್ಯ."

ನೀರಿನ ಹಬ್ಬ

ಎದುರಾದವರಿಗೆಲ್ಲ ನೀರೆರಚುವ ಹಬ್ಬವೂ ಅವರಲ್ಲುಂಟು, ಯಾರೂ ಸಿಟ್ಟಾಗುವಂತಿಲ್ಲ. ಅದು ಬರುವುದು ಜುಲೈಯಲ್ಲಿ, ಅವರಿಗದು ನಡುಬೇಸಿಗೆ. ಮೊಮ್ಮಗಳು ಮೆಟ್ಟಿಲ ಮೇಲಿನಿಂದ ಒಂದು ಮಗ್ ನೀರನ್ನು ಕೆಳಗಿದ್ದ ನಮ್ಮ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿಯ ತಲೆಗೆ ಸುರಿದಳು. ಮಳೆಗಾಲವಲ್ಲವೇ, ಅವರು ತಲೆ ಒರೆಸಿಕೊಂಡು ನೇರ ಟೆರೇಸಿಗೆ ಓಡಿದರು. ಸಂಜೆ ಬೋರ್ಡಿನಲ್ಲಿ ನೋಟಿಸು: ಬಿಲ್ಡಿಂಗ್ ಲೀಕೇಜ್, ತುರ್ತು ಮೀಟಿಂಗ್.

"ನಿಜ ಹೇಳಿಬಿಡೋಣ, ಮಾವ," ಎಂದಳು ಸೊಸೆ, ಹೆದರಿ.

"ಸುಮ್ಮನಿರಮ್ಮ! ಹತ್ತು ವರ್ಷದಿಂದ ವಾಟರ್‌ಪ್ರೂಫಿಂಗ್ ಮಾಡಿಸಿ ಅಂತ ಗೋಗರೆಯುತ್ತಿದ್ದೇನೆ. ನಿಮ್ಮ ಹಬ್ಬಕ್ಕೆ ಶಕ್ತಿ ಉಂಟು."

ಮೊದಲ ಹಲ್ಲು

ಮೊಮ್ಮಗನಿಗೆ ಮೊದಲ ಹಲ್ಲು ಬಂತು. ಅವರ ಪದ್ಧತಿಯಂತೆ ಮಗುವಿನ ತಲೆಗೆ ಬಟ್ಟೆ ಹೊದಿಸಿ, ಬೇಯಿಸಿದ ಗೋಧಿ ಸುರಿದು, ಎದುರಿಗೆ ಸಾಮಾನು ಇಡಬೇಕು. ಮಗು ಎತ್ತಿಕೊಂಡದ್ದೇ ಅದರ ಮುಂದಿನ ಕಸುಬು. ಸೊಸೆ ಪೆನ್ನು, ಕತ್ತರಿ, ಸ್ಟೆತಸ್ಕೋಪು ಸಾಲಾಗಿ ಇಟ್ಟಳು. ವಿಡಿಯೋ ಕಾಲ್‌ನಲ್ಲಿ ಅವಳ ಅಮ್ಮ. ಮೊಮ್ಮಗನ ಶಾಸ್ತ್ರಕ್ಕೆ ಬರಲಾಗಲಿಲ್ಲವಲ್ಲ ಎಂದು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಮಗು ಯಾವುದನ್ನೂ ಮುಟ್ಟಲಿಲ್ಲ. ಸೊಸೆಯ ಮುಖ ಸಣ್ಣದಾಯಿತು. ನಾನು ಬಗ್ಗಿ, "ತಗೋ ಪುಟ್ಟಾ!" ಎಂದು ಜೋರಾಗಿ ಹುರಿದುಂಬಿಸಿದೆ ನೋಡಿ, ನನ್ನ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಕಳಚಿ ಪೆನ್ನಿನ ಪಕ್ಕ ಬಿತ್ತು. ಮಗು ಎರಡೂ ಕೈಯಲ್ಲಿ ಅದನ್ನೇ ಎತ್ತಿಕೊಂಡಿತು.

ಫೋನಿನಿಂದ ಅಳು ಮರೆತ ದೊಡ್ಡ ನಗು: "ಡೆಂಟಿಸ್ಟ್!" ಅಮ್ಮ ನಕ್ಕದ್ದು ನೋಡಿ ಸೊಸೆಯೂ ನಕ್ಕಳು, ಕಣ್ಣು ತುಂಬಿಕೊಂಡು.

ಡಾಕ್ಟರು ಗೊತ್ತಾದರು. ಮೊದಲ ಪೇಷಂಟು ಎದುರಿಗೇ ಬೊಚ್ಚುಬಾಯಿ ತೆರೆದು ಕೂತಿದ್ದ.